‘ಎರಡು’ ಅಡಗಿರುವ ವೈದ್ಯಕೀಯ, ವೈಜ್ಞಾನಿಕ ಪದಗಳನ್ನು ಬಿಡಿಸಿ ಓದುವ ಬಗೆ

ಜಗಳೂರು ಸೀಮೆಯ ನಮ್ಮ ದೊಡ್ಡಮ್ಮನ ಮನೆಯಲ್ಲಿ ಒಂದು ಮುಂಗಾರಿನ ಹೊತ್ತಿಗೆ ಎರಡು ಬರಹಗಳು ಎದುರುಬದುರಾಗಿದ್ದವು. ಮೆಕ್ಕೆಜೋಳದ ಬಿತ್ತನೆಗೆಂದು ಪಡಸಾಲೆಯಲ್ಲಿ ತಂದಿಟ್ಟಿದ್ದ ಗೊಬ್ಬರದ ಚೀಲದ ಮೇಲೆ ‘ಡಿಎಪಿ’ ಎಂದಿತ್ತು. ಗೋಡೆಯ ಗೂಡಿನಲ್ಲಿದ್ದ ಔಷಧಿ ಚೀಟಿಯಲ್ಲಿ ಮಾತ್ರೆಯ ಹೆಸರಿನ ಮುಂದೆ ‘ಬಿ.ಡಿ.’ ಎಂದಿತ್ತು. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದ ಮೊಮ್ಮಗ ‘ಬಿ ಅಂದರೆ ಎರಡು’ ಎಂದು ಸರಿಯಾಗಿಯೇ ಗುರುತಿಸಿ, ರಾತ್ರಿ ಊಟವಾದ ಮೇಲೆ ರಕ್ತದೊತ್ತಡದ ಎರಡು ಮಾತ್ರೆಗಳನ್ನು ಒಟ್ಟಿಗೇ ಕೊಡತೊಡಗಿದ. ಮೂರನೆಯ ದಿನ ದೊಡ್ಡಮ್ಮನಿಗೆ ಹಾಸಿಗೆಯಿಂದ ಏಳಲಾಗದಷ್ಟು ತಲೆಸುತ್ತು ಬಂದಿತು. ಚೀಟಿಯಲ್ಲಿದ್ದದ್ದು ಲ್ಯಾಟಿನ್ ಭಾಷೆಯ ‘ಬಿಸ್ ಇನ್ ಡಿಯೆ’ ಎಂಬುದರ ಮೊದಲಕ್ಷರಗಳು; ಅದರ ಅರ್ಥ ‘ದಿನಕ್ಕೆ ಎರಡು ಸಲ’, ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಗೊಬ್ಬರದ ಚೀಲದ ‘ಡಿ’ ಎರಡನ್ನು ಸೂಚಿಸಿದರೆ, ಚೀಟಿಯ ‘ಡಿ’ ದಿನವನ್ನು ಸೂಚಿಸುತ್ತಿತ್ತು. ಚೀಟಿಯ ‘ಬಿ’ ಎರಡೇ ಆಗಿದ್ದರೂ ಅದು ಎರಡು ವಸ್ತುವಲ್ಲ, ಎರಡು ಬಾರಿ.

1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ದಾವಣಗೆರೆಯಲ್ಲಿ ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್ ಓದು ಬೇರೂರಿದೆ. ಹೊನ್ನಾಳಿ, ಹರಿಹರ, ಚಳ್ಳಕೆರೆ, ಹೊಳಲ್ಕೆರೆಯ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಈ ಕೋರ್ಸುಗಳಿಗೆ ಸೇರುವ ಮಕ್ಕಳಿಗೆ ಪದಗಳನ್ನು ಬಿಡಿಸಿ ಹೇಳಿಕೊಡುವುದು ನನ್ನ ಕೆಲಸ. ಅವರು ಉದ್ದುದ್ದ ಪದಗಳನ್ನು ಕಂಠಪಾಠ ಮಾಡುತ್ತಾರೆ, ಪರೀಕ್ಷೆಯ ಮರುವಾರ ಮರೆಯುತ್ತಾರೆ. ಪದವನ್ನು ಕಂಠಪಾಠ ಮಾಡುವುದಕ್ಕಿಂತ ಕತ್ತರಿಸಿ ನೋಡುವುದು ಸುಲಭ ಎಂದೂ, ಹಾಗೆ ಕತ್ತರಿಸುವ ವಿದ್ಯೆ ಕನ್ನಡ ಬಲ್ಲವರಿಗೆ ಮೊದಲೇ ಗೊತ್ತಿರುತ್ತದೆ ಎಂದೂ ನಾನು ನಂಬಿದ್ದೇನೆ. ಆ ಮಕ್ಕಳಿಗೆ ಹೇಳುವ ಕ್ರಮದಲ್ಲಿಯೇ ಇಲ್ಲಿಯೂ ಹೇಳುತ್ತೇನೆ.

ಮೊದಲ ಹೆಜ್ಜೆ: ‘ಎರಡು’ ತೊಡುವ ವೇಷಗಳನ್ನು ಗುರುತಿಸಿಕೊಳ್ಳಿ

ವಿಜ್ಞಾನದ ಪದಗಳಲ್ಲಿ ಎರಡು ಎಂಬ ಅರ್ಥ ಮುಖ್ಯವಾಗಿ ಮೂರು ರೂಪಗಳಲ್ಲಿ ಬರುತ್ತದೆ. ಲ್ಯಾಟಿನ್ನಿನಿಂದ ಬಂದ ‘ಬೈ’, ಗ್ರೀಕ್‌ನಿಂದ ಬಂದ ‘ಡೈ’, ಗ್ರೀಕ್‌ನದೇ ಆದ ‘ಡಿಪ್ಲೊ’. ನಮ್ಮ ಪಠ್ಯಪುಸ್ತಕಗಳು ಬಳಸುವ ಸಂಸ್ಕೃತದ ‘ದ್ವಿ’ ಇವುಗಳ ಸೋದರ ಸಂಬಂಧಿ. ಲ್ಯಾಟಿನ್ನಿನ ‘ಬಿಸ್’ ಹಿಂದೊಮ್ಮೆ ‘ದುಇಸ್’ ಎಂದಿತ್ತು ಎಂಬುದು ತಿಳಿದರೆ ‘ದ್ವಿ’ ಮತ್ತು ‘ಬೈ’ ಒಂದೇ ಮನೆತನದವು ಎಂಬುದು ಸ್ಪಷ್ಟವಾಗುತ್ತದೆ. ಸ್ವರದ ಮುಂದೆ ‘ಬೈ’ ಎಂಬುದು ‘ಬಿನ್’ ಆಗುವುದುಂಟು. ಎರಡೂ ಕಣ್ಣುಗಳಿಂದ ನೋಡುವ ದುರ್ಬೀನು ‘ಬೈನಾಕ್ಯುಲರ್’ ಆದದ್ದು ಹಾಗೆ.

ಕನ್ನಡದ ‘ಇರ್’ ಈ ಮನೆತನಕ್ಕೆ ಸೇರಿದ್ದಲ್ಲ, ಅದು ದ್ರಾವಿಡ ಮೂಲದ್ದು. ಆದರೆ ಕೆಲಸ ಮಾಡುವ ರೀತಿ ಅದೇ. ಇಬ್ಬರು, ಇಬ್ಬದಿ, ಇಕ್ಕೆಲ, ಇಬ್ಬಗೆ, ಇಮ್ಮಡಿ ಎಂಬ ಪದಗಳಲ್ಲಿ ಮುಂದಿನ ವ್ಯಂಜನಕ್ಕೆ ತಕ್ಕಂತೆ ‘ಇರ್’ ತನ್ನ ರೂಪ ಬದಲಿಸಿಕೊಂಡು ಕೂತಿದೆ. ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ ಒಡೆಯರ್, ನಾಲ್ವಡಿ ಕೃಷ್ಣರಾಜ ಒಡೆಯರ್ ಎಂಬ ಹೆಸರುಗಳನ್ನು ಪ್ರಾಥಮಿಕ ಶಾಲೆಯಲ್ಲೇ ಓದಿದ ಮಗುವಿಗೆ ಎರಡು, ಮೂರು, ನಾಲ್ಕು ಎಂಬ ಎಣಿಕೆ ಪದದ ತಲೆಯಲ್ಲಿ ಬರುತ್ತದೆ ಎಂಬುದು ಹೊಸ ಪಾಠವೇನಲ್ಲ. ತೋಳಿನ ಮುಂಭಾಗದ ಸ್ನಾಯು ಬೈಸೆಪ್ಸ್, ಹಿಂಭಾಗದ್ದು ಟ್ರೈಸೆಪ್ಸ್, ತೊಡೆಯ ಮುಂಭಾಗದ್ದು ಕ್ವಾಡ್ರಿಸೆಪ್ಸ್. ‘ಸೆಪ್ಸ್’ ಎಂಬುದು ತಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಇಲ್ಲಿ ತಲೆಯೆಂದರೆ ಸ್ನಾಯು ಮೂಳೆಗೆ ಅಂಟಿಕೊಂಡು ಹೊರಡುವ ಮೇಲ್ತುದಿ. ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂದು ಹೇಳಿಕೊಂಡೇ ಈ ಮೂರು ಸ್ನಾಯುಗಳನ್ನು ನೆನಪಿಟ್ಟುಕೊಂಡ ವಿದ್ಯಾರ್ಥಿನಿಯರು ನನಗೆ ಸಿಕ್ಕಿದ್ದಾರೆ. ತೊಡೆಯ ಹಿಂಭಾಗದಲ್ಲಿಯೂ ಒಂದು ಬೈಸೆಪ್ಸ್ ಇದೆ ಎಂಬುದನ್ನು ಮಾತ್ರ ಅವರಿಗೆ ಬೇರೆಯಾಗಿ ನೆನಪಿಸಬೇಕಾಯಿತು.

ಎರಡನೆಯ ಹೆಜ್ಜೆ: ಕತ್ತರಿಸಿ, ಉಳಿದ ತುಂಡಿಗೆ ಅರ್ಥ ಕೇಳಿ

ಪದದ ಮುಂದಿನ ತುಂಡನ್ನು ತೆಗೆದಾಗ ಉಳಿಯುವ ಭಾಗ ತಾನಾಗಿಯೇ ಅರ್ಥ ಕೊಡಬೇಕು, ಇಲ್ಲವೇ ಬೇರೆ ಪದಗಳಲ್ಲಿಯೂ ಅದೇ ಅರ್ಥದಲ್ಲಿ ಕಾಣಿಸಿಕೊಳ್ಳಬೇಕು. ‘ಬೈಲ್ಯಾಟರಲ್’ ಪದದಲ್ಲಿ ಉಳಿಯುವ ‘ಲ್ಯಾಟರಲ್’ ಎಂದರೆ ಪಕ್ಕಕ್ಕೆ ಸಂಬಂಧಿಸಿದ್ದು. ‘ಡಿಪ್ಲೋಪಿಯಾ’ ಪದದಲ್ಲಿ ಉಳಿಯುವ ‘ಓಪಿಯಾ’ ಎಂದರೆ ದೃಷ್ಟಿ. ದೂರದೃಷ್ಟಿ ಮಸುಕಾಗುವ ‘ಮಯೋಪಿಯಾ’ದಲ್ಲಿಯೂ ಅದೇ ಇದೆ. ‘ಡಿಪ್ಲೊಕಾಕಸ್’ ಪದದ ‘ಕಾಕಸ್’ ಎಂದರೆ ಕಾಳಿನಂತೆ ದುಂಡಗಿರುವ ಬ್ಯಾಕ್ಟೀರಿಯಾ. ನ್ಯುಮೋನಿಯಾ ತರುವ ಅಂಥ ಒಂದು ಜೀವಿ ಸೂಕ್ಷ್ಮದರ್ಶಕದಡಿ ಜೋಡಿ ಜೋಡಿಯಾಗಿ ಕಾಣುತ್ತದೆ.

ಈ ಅಭ್ಯಾಸಕ್ಕೆ ನಮ್ಮ ಸುತ್ತಲಿನ ಹೊಲಗಳೇ ಸಾಕು. ಶೇಂಗಾ ಬೀಜವನ್ನು ಒತ್ತಿದರೆ ಎರಡು ಬೇಳೆಗಳಾಗಿ ಬಿಚ್ಚಿಕೊಳ್ಳುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಹೋಗುವ ಆ ಬೀಜ ‘ಡೈಕಾಟ್’, ಅಂದರೆ ದ್ವಿದಳ. ದಾವಣಗೆರೆಯ ಮೆಕ್ಕೆಜೋಳ ಹಾಗೆ ಬಿಚ್ಚಿಕೊಳ್ಳುವುದಿಲ್ಲ, ಅದು ‘ಮಾನೊಕಾಟ್’, ಏಕದಳ. ಚನ್ನಗಿರಿಯ ಕಡೆಯ ಮಕ್ಕಳು ಇಲ್ಲಿ ಒಮ್ಮೆ ತಡವರಿಸುತ್ತಾರೆ, ಏಕೆಂದರೆ ಅಡಿಕೆಯನ್ನು ಎರಡು ಹೋಳು ಮಾಡುವುದನ್ನು ಅವರು ಕಂಡಿರುತ್ತಾರೆ. ಕತ್ತಿಯಿಂದ ಸೀಳಿದ ಹೋಳು ಬೇರೆ, ಬೀಜ ತಾನಾಗಿಯೇ ಹೊಂದಿರುವ ದಳ ಬೇರೆ. ತೆಂಗಿನಂತೆ ಅಡಿಕೆಯೂ ಏಕದಳವೇ. ‘ದ್ವಿ’ ಎಂದರೆ ಎರಡು ಎಂಬುದು ಗೊತ್ತಿದ್ದರೆ ಸಾಲದು, ‘ದಳ’ ಯಾವುದು ಎಂಬುದೂ ಗೊತ್ತಿರಬೇಕು.

ಮೂರನೆಯ ಹೆಜ್ಜೆ: ‘ಎರಡು ಏನು?’ ಎಂದು ಕೇಳದೆ ಮುಂದೆ ಹೋಗಬೇಡಿ

ನನ್ನ ಅನುಭವದಲ್ಲಿ ಅತಿ ಹೆಚ್ಚು ತಪ್ಪುಗಳು ಆಗುವುದು ಇಲ್ಲಿಯೇ. ನಮ್ಮ ದೊಡ್ಡಮ್ಮನ ಮೊಮ್ಮಗ ಎಡವಿದ್ದೂ ಇಲ್ಲಿಯೇ. ಎರಡು ಎಂಬುದಕ್ಕೆ ಪದಗಳಲ್ಲಿ ಕನಿಷ್ಠ ನಾಲ್ಕು ಬಗೆಯ ಅರ್ಥಗಳಿವೆ: ಎರಡು ಇವೆ, ಎರಡು ಸಲ ಆಗುತ್ತದೆ, ಎರಡೂ ಕಡೆ ಇದೆ, ಎರಡಾಗಿ ಸೀಳಿದೆ.

ಎರಡು ಸಲ ಎಂಬ ಅರ್ಥ ನಮ್ಮ ಹಳೆಯ ಪದಗಳಲ್ಲಿಯೂ ಇದೆ. ‘ದ್ವಿಜ’ ಎಂದರೆ ಎರಡು ಸಲ ಹುಟ್ಟಿದ್ದು. ಮೊಟ್ಟೆಯಾಗಿ ಒಮ್ಮೆ, ಮೊಟ್ಟೆಯೊಡೆದು ಇನ್ನೊಮ್ಮೆ ಹುಟ್ಟುವ ಹಕ್ಕಿಗೆ ಆ ಹೆಸರಿದೆ. ಹಾಲುಹಲ್ಲಾಗಿ 20, ಶಾಶ್ವತ ಹಲ್ಲಾಗಿ 32 ಎಂದು ಎರಡು ಸರದಿಯಲ್ಲಿ ಬರುವ ಹಲ್ಲಿಗೂ ಅದೇ ಹೆಸರಿದೆ. ‘ಬಿ.ಡಿ.’ ಎಂಬುದನ್ನು ದ್ವಿಜದ ಪಕ್ಕದಲ್ಲಿಟ್ಟು ಕಲಿಸಿದಾಗಿನಿಂದ ನನ್ನ ತರಗತಿಯಲ್ಲಿ ಯಾರೂ ಅದನ್ನು ‘ಎರಡು ಮಾತ್ರೆ’ ಎಂದು ಬರೆದಿಲ್ಲ. ಈಗ ಅನೇಕ ವೈದ್ಯರು 1-0-1 ಎಂದು ಬರೆಯುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮೂರು ಮನೆಗಳಲ್ಲಿ ಯಾವುದರಲ್ಲಿ ಎಷ್ಟು ಎಂಬುದು ಅಕ್ಷರ ಬಾರದವರಿಗೂ ತಿಳಿಯುವ ಈ ಪದ್ಧತಿ ಎಲ್ಲೆಡೆ ಬರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಎರಡೂ ಕಡೆ ಎಂಬ ಅರ್ಥ ಎಕ್ಸ್‌ರೇ, ಸ್ಕ್ಯಾನಿಂಗ್ ವರದಿಗಳಲ್ಲಿ ಪದೇ ಪದೇ ಬರುತ್ತದೆ. ‘ಬೈಲ್ಯಾಟರಲ್ ನ್ಯುಮೋನಿಯಾ’ ಎಂದರೆ ಎರಡು ನ್ಯುಮೋನಿಯಾಗಳಲ್ಲ. ಸೋಂಕು ಎಡ ಬಲ ಎರಡೂ ಶ್ವಾಸಕೋಶಗಳಲ್ಲಿದೆ ಎಂದು ಅರ್ಥ. ‘ಡಿಪ್ಲೀಜಿಯಾ’ ಎಂಬಲ್ಲಿಯೂ ದೇಹದ ಎರಡೂ ಬದಿಯ ಒಂದೇ ಬಗೆಯ ಅಂಗಗಳು, ಹೆಚ್ಚಾಗಿ ಎರಡೂ ಕಾಲುಗಳು, ಬಿಗಿತಕ್ಕೋ ಬಲಹೀನತೆಗೋ ಒಳಗಾಗಿರುತ್ತವೆ. ದೇಹದ ಒಂದೇ ಪಾರ್ಶ್ವಕ್ಕೆ ಲಕ್ವ ಹೊಡೆದರೆ ಅದು ‘ಹೆಮಿಪ್ಲೀಜಿಯಾ’, ಅಲ್ಲಿ ಮುಂದಿರುವ ತುಂಡಿನ ಅರ್ಥ ಅರ್ಧ.

ಸೀಳುವ ಅರ್ಥಕ್ಕೆ ‘ಬೈಫರ್ಕೇಶನ್’ ಒಳ್ಳೆಯ ಮಾದರಿ. ಶ್ವಾಸನಾಳ ಎದೆಯಲ್ಲಿ ಎರಡು ಕವಲಾಗುವುದು, ಕುತ್ತಿಗೆಯ ಕೆರೋಟಿಡ್ ರಕ್ತನಾಳ ಎರಡಾಗುವುದು ಇದಕ್ಕೆ ಉದಾಹರಣೆಗಳು. ‘ಸ್ಪೈನಾ ಬೈಫಿಡಾ’ ಎಂದರೆ ಸೀಳಿದ ಬೆನ್ನೆಲುಬು. ಗರ್ಭದಲ್ಲಿ ಮಗುವಿನ ನರನಾಳ ಮೊದಲ ನಾಲ್ಕು ವಾರಗಳಲ್ಲಿ ಮುಚ್ಚಿಕೊಳ್ಳದೆ ಹೋದಾಗ ಹೀಗಾಗುತ್ತದೆ. ಗರ್ಭ ನಿಂತದ್ದು ತಾಯಿಗೆ ತಿಳಿಯುವ ಹೊತ್ತಿಗೆ ಆ ನಾಲ್ಕು ವಾರ ಬಹುಮಟ್ಟಿಗೆ ಕಳೆದಿರುವುದರಿಂದಲೇ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಧಾರಣೆಗೆ ಮುಂಚೆಯೇ ಆರಂಭಿಸಲು ಹೇಳುತ್ತಾರೆ.

‘ಬೈಪೋಲಾರ್’ ಎಂಬ ಪದದ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡು ಎಂಬುದನ್ನು ಕೇಳಿದೊಡನೆ ಜನ ಇದನ್ನು ಒಬ್ಬರೊಳಗೆ ಇಬ್ಬರು ಇರುವ ಕಾಯಿಲೆ ಎಂದು ಭಾವಿಸುತ್ತಾರೆ, ಮನೆಯವರು ನಾಚಿಕೊಂಡು ಚಿಕಿತ್ಸೆಯನ್ನೇ ಮುಂದೂಡುತ್ತಾರೆ. ಉಳಿದ ತುಂಡನ್ನು ಓದಿ: ‘ಪೋಲ್’ ಎಂದರೆ ಧ್ರುವ, ತುದಿ. ಮನಸ್ಸಿನ ಉತ್ಸಾಹ ಮಿತಿಮೀರಿ ಏರುವ ಒಂದು ತುದಿ, ಖಿನ್ನತೆಗೆ ಇಳಿಯುವ ಇನ್ನೊಂದು ತುದಿ. ವ್ಯಕ್ತಿ ಒಬ್ಬರೇ, ಮನಃಸ್ಥಿತಿಯ ತುದಿಗಳು ಎರಡು. ಔಷಧಿಯಿಂದ ಹತೋಟಿಗೆ ಬರುವ ಈ ಕಾಯಿಲೆಯನ್ನು ಒಂದು ತುಂಡು ಪದದ ತಪ್ಪು ಓದಿನಿಂದ ಮುಚ್ಚಿಡುವುದು ನನಗೆ ಬಹಳ ನೋವು ತರುವ ಸಂಗತಿ.

ನಾಲ್ಕನೆಯ ಹೆಜ್ಜೆ: ಎರಡಲ್ಲದ ‘ಬೈ’, ‘ಡೈ’ಗಳನ್ನು ಬೇರ್ಪಡಿಸಿ

ಇರುಳು, ಇರುವೆ ಎಂಬ ಪದಗಳು ‘ಇರ್’ ಎಂದೇ ಮೊದಲಾಗುತ್ತವೆ, ಆದರೂ ಅವುಗಳಲ್ಲಿ ಎರಡನ್ನು ಯಾವ ಕನ್ನಡಿಗರೂ ಹುಡುಕುವುದಿಲ್ಲ. ಇಂಗ್ಲಿಷ್ ಪದ ಎದುರಾದಾಗಲೂ ಅದೇ ಎಚ್ಚರ ಬೇಕು.

ಮೊದಲನೆಯ ಮೋಸ ‘ಡಯಾ’ದ್ದು. ಗ್ರೀಕ್‌ನಲ್ಲಿ ಇದಕ್ಕೆ ‘ಮೂಲಕ, ಹಾದು’ ಎಂಬ ಅರ್ಥ. ಡಯಾಬಿಟಿಸ್ ಎಂದರೆ ಹಾದುಹೋಗುವುದು. ಕುಡಿದ ನೀರೆಲ್ಲ ಕೊಳವೆಯಲ್ಲಿ ಹರಿದಂತೆ ಮೂತ್ರವಾಗಿ ಹೋಗುವುದನ್ನು ಕಂಡು ಪ್ರಾಚೀನ ಗ್ರೀಕರು ಇಟ್ಟ ಹೆಸರದು. ಡಯೇರಿಯಾ ಎಂದರೆ ಹಾದು ಹರಿಯುವುದು, ಅಂದರೆ ಭೇದಿ. ಡಯಾಲಿಸಿಸ್, ಡಯಾಗ್ನೋಸಿಸ್ ಇವುಗಳಲ್ಲಿಯೂ ಎರಡಿಲ್ಲ. ಸ್ವರದ ಮುಂದೆ ‘ಡಯಾ’ದ ಕೊನೆಯ ಸ್ವರ ಬಿದ್ದುಹೋದಾಗ ಗುರುತು ಹಿಡಿಯುವುದು ಇನ್ನೂ ಕಷ್ಟ. ಮೂತ್ರ ಹೆಚ್ಚಿಸುವ ‘ಡೈಯುರೆಟಿಕ್’ ಔಷಧಿಯ ಹೆಸರು ‘ಡೈಆಕ್ಸೈಡ್’ ಎಂಬುದರಂತೆಯೇ ಕೇಳಿಸಿದರೂ ಅಲ್ಲಿರುವುದು ‘ಡಯಾ’ ಮತ್ತು ಮೂತ್ರ ಎಂಬ ಅರ್ಥದ ‘ಊರಾನ್’.

ಎರಡನೆಯದು ‘ಡಿಸ್’. ಇದನ್ನು ಇಂಗ್ಲಿಷಿನಲ್ಲಿ ವೈ ಅಕ್ಷರದಿಂದ ಬರೆಯುತ್ತಾರೆ, ಅರ್ಥ ‘ಕೆಟ್ಟ, ಕಷ್ಟದ’. ಉಸಿರಾಟ ಕಷ್ಟವಾಗುವ ಡಿಸ್ಪ್ನಿಯಾ, ಕರುಳು ಕೆಡುವ ಡಿಸೆಂಟ್ರಿ ಈ ಗುಂಪಿನವು. ಮೂರನೆಯದು ಜೀವ ಎಂಬ ಅರ್ಥದ ‘ಬಯೊ’: ಬಯಾಲಜಿ, ಬಯಾಪ್ಸಿ. ನಾಲ್ಕನೆಯದು ಪಿತ್ತರಸದ ‘ಬಿಲಿ’. ಕಾಮಾಲೆಯಾದಾಗ ರಕ್ತಪರೀಕ್ಷೆಯ ವರದಿಯಲ್ಲಿ ಕಾಣುವ ‘ಬಿಲಿರುಬಿನ್’ ಎಂಬುದು ಪಿತ್ತ ಮತ್ತು ಕೆಂಪು ಎಂಬ ಎರಡು ಲ್ಯಾಟಿನ್ ಪದಗಳ ಕೂಡಿಕೆ. ಗಂಟಲಮಾರಿ ಡಿಫ್ತೀರಿಯಾದ ಹೆಸರಿನಲ್ಲಿರುವುದು ತೊಗಲು ಎಂಬ ಅರ್ಥದ ಗ್ರೀಕ್ ಪದ. ಆ ರೋಗದಲ್ಲಿ ಗಂಟಲಿನೊಳಗೆ ಕಟ್ಟುವ ದಪ್ಪ ಪೊರೆಯನ್ನು ನೋಡಿದವರಿಗೆ ಹೆಸರಿನ ಕಾರಣ ಹೊಳೆಯುತ್ತದೆ.

ಅನುಮಾನ ಬಂದಾಗ ಒಂದು ಪರೀಕ್ಷೆ ಮಾಡಿ: ಆ ಪದಕ್ಕೆ ಒಂದರ, ಮೂರರ ಒಡಹುಟ್ಟುಗಳಿವೆಯೇ ಎಂದು ಹುಡುಕಿ. ಹೃದಯದ ಕವಾಟಗಳಲ್ಲಿ ಬೈಕಸ್ಪಿಡ್‌ಗೆ ಟ್ರೈಕಸ್ಪಿಡ್ ಇದೆ, ಡೈಆಕ್ಸೈಡ್‌ಗೆ ಮಾನಾಕ್ಸೈಡ್ ಇದೆ, ಎರಡು ಅಂಡಾಣುಗಳಿಂದ ಹುಟ್ಟಿದ ‘ಡೈಜೈಗೋಟಿಕ್’ ಅವಳಿಗಳಿಗೆ ಎದುರಾಗಿ ಒಂದೇ ಅಂಡಾಣುವಿನಿಂದ ಹುಟ್ಟಿದ ‘ಮಾನೊಜೈಗೋಟಿಕ್’ ಅವಳಿಗಳಿದ್ದಾರೆ. ಡಯಾಬಿಟಿಸ್‌ಗೆ ಹಾಗೆ ಒಡಹುಟ್ಟು ಯಾರೂ ಇಲ್ಲ. ಈ ಪರೀಕ್ಷೆ ಹೆಚ್ಚಿನ ಸಲ ಸರಿಯಾದ ಉತ್ತರವನ್ನೇ ಕೊಡುತ್ತದೆ, ಎಲ್ಲ ಸಲವೂ ಅಲ್ಲ. ಒಬ್ಬರ ಮಾತು ‘ಮಾನೊಲಾಗ್’ ಆಗಿರುವುದರಿಂದ ‘ಡಯಲಾಗ್’ ಎಂದರೆ ಇಬ್ಬರ ಮಾತು ಎಂದು ತೋರುತ್ತದೆ, ಆದರೆ ಅಲ್ಲಿರುವುದೂ ‘ಡಯಾ’ವೇ, ಎಷ್ಟು ಜನ ಬೇಕಾದರೂ ಸೇರಿ ಸಂಭಾಷಣೆ ಮಾಡಬಹುದು.

ಐದನೆಯ ಹೆಜ್ಜೆ: ರಾಸಾಯನಿಕ ಹೆಸರುಗಳಲ್ಲಿ ಎಣಿಸಿ ನೋಡಿ

ದೇಹರಚನೆಯ ಪದಗಳಿಗಿಂತ ರಸಾಯನಶಾಸ್ತ್ರದ ಪದಗಳು ಹೆಚ್ಚು ಪ್ರಾಮಾಣಿಕ. ಅಲ್ಲಿ ಎರಡು ಎಂದರೆ ಸಾಮಾನ್ಯವಾಗಿ ಎಣಿಸಬಹುದಾದ ಎರಡು. ಡಿಎಪಿ ಎಂದರೆ ಡೈ ಅಮೋನಿಯಂ ಫಾಸ್ಫೇಟ್, ಒಂದು ಫಾಸ್ಫೇಟಿಗೆ ಎರಡು ಅಮೋನಿಯಂ. ಚೀಲದ ಮೇಲೆ 18:46:0 ಎಂದಿರುತ್ತದೆ, 18 ಎಂಬುದು ಸಾರಜನಕದ ಶೇಕಡಾ ಪ್ರಮಾಣ. ಹನಿ ನೀರಾವರಿಯಲ್ಲಿ ಬಿಡುವ ಮಾನೊ ಅಮೋನಿಯಂ ಫಾಸ್ಫೇಟ್ ಚೀಲದ ಮೇಲೆ 12:61:0 ಎಂದಿರುತ್ತದೆ. ಅಮೋನಿಯಂ ಎರಡರಿಂದ ಒಂದಕ್ಕೆ ಇಳಿದಾಗ ಸಾರಜನಕ 18ರಿಂದ 12ಕ್ಕೆ ಇಳಿದಿರುವುದನ್ನು ರೈತರ ಮಕ್ಕಳು ತಾವೇ ಕಂಡುಹಿಡಿದು ಹೇಳಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಸೊಳ್ಳೆ ಕೊಲ್ಲಲು ಗೋಡೆಗಳಿಗೆ ಸಿಂಪಡಿಸುತ್ತಿದ್ದ ಡಿಡಿಟಿಯ ಪೂರ್ಣ ಹೆಸರು ಡೈಕ್ಲೋರೊ ಡೈಫಿನೈಲ್ ಟ್ರೈಕ್ಲೋರೊ ಈಥೇನ್. ಎರಡು ಕ್ಲೋರಿನ್, ಎರಡು ಫಿನೈಲ್, ಮತ್ತೆ ಮೂರು ಕ್ಲೋರಿನ್. ಒಟ್ಟು ಕ್ಲೋರಿನ್ ಐದು. ಅದು ಕೊಲ್ಲುತ್ತಿದ್ದ ಸೊಳ್ಳೆ ‘ಡಿಪ್ಟೆರಾ’ ಗುಂಪಿನದು, ಅಂದರೆ ಎರಡು ರೆಕ್ಕೆಗಳದ್ದು. ಜೇನುನೊಣಕ್ಕೆ ನಾಲ್ಕು ರೆಕ್ಕೆಗಳಿರುವುದರಿಂದ ಅದು ಈ ಗುಂಪಿಗೆ ಸೇರುವುದಿಲ್ಲ. ನೋವಿಗೆ ಕೊಡುವ ಡೈಕ್ಲೋಫಿನ್ಯಾಕ್ ಮಾತ್ರೆಯ ‘ಡೈಕ್ಲೊ’ ಎರಡು ಕ್ಲೋರಿನ್ ಪರಮಾಣುಗಳನ್ನು ಹೇಳುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ‘ಬೈಗ್ವನೈಡ್’ ಗುಂಪಿನದು, ಎರಡು ಗ್ವನಿಡೀನ್‌ಗಳು ಬೆಸೆದುಕೊಂಡ ರಚನೆ. ರೋಗದ ಹೆಸರಿನ ‘ಡಯಾ’ದಲ್ಲಿ ಎರಡಿಲ್ಲ, ಔಷಧಿಯ ಗುಂಪಿನ ‘ಬೈ’ಯಲ್ಲಿ ಎರಡಿದೆ.

ಒಂದು ಅಪವಾದವನ್ನು ಮಾತ್ರ ಬಿಡುವಂತಿಲ್ಲ. ಮಂಡಕ್ಕಿಯ ಜೊತೆಗೆ ತಿನ್ನುವ ಮೆಣಸಿನಕಾಯಿ ಬಜ್ಜಿಯ ಹಿಟ್ಟಿಗೆ ಹಾಕುವ ಅಡುಗೆ ಸೋಡಾ ರಾಸಾಯನಿಕವಾಗಿ ಸೋಡಿಯಂ ಬೈಕಾರ್ಬನೇಟ್. ಅದರಲ್ಲಿ ಎರಡು ಕಾರ್ಬನೇಟ್ ಹುಡುಕಿದರೆ ಸಿಗುವುದಿಲ್ಲ. ಒಂದೇ ಪ್ರಮಾಣದ ಸೋಡಿಯಂಗೆ ಬಟ್ಟೆ ಸೋಡಾದಲ್ಲಿರುವುದರ ಇಮ್ಮಡಿ ಕಾರ್ಬನೇಟ್ ಇದರಲ್ಲಿದೆ ಎಂಬ ಲೆಕ್ಕದಲ್ಲಿ 1814ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಹೈಡ್ ವೊಲಾಸ್ಟನ್ ಕೊಟ್ಟ ಹೆಸರು ಹಾಗೆಯೇ ಉಳಿದುಕೊಂಡಿದೆ. ಈಗಿನ ಶಾಸ್ತ್ರೀಯ ಹೆಸರು ಹೈಡ್ರೋಜನ್ ಕಾರ್ಬನೇಟ್.

ಆರನೆಯ ಹೆಜ್ಜೆ: ಕಾಲದ ಪದಗಳನ್ನು ಬಿಡಿಸಿಯೇ ಬರೆಯಿರಿ

ಇಂಗ್ಲಿಷಿನ ‘ಬೈಆನ್ಯುಯಲ್’ ವರ್ಷಕ್ಕೆ ಎರಡು ಸಲ, ‘ಬೈಎನಿಯಲ್’ ಎರಡು ವರ್ಷಕ್ಕೊಮ್ಮೆ. ‘ಬೈವೀಕ್ಲಿ’ಯಂತೂ ಎರಡೂ ಅರ್ಥಗಳಲ್ಲಿ ಬಳಕೆಯಲ್ಲಿದೆ. ಚಿತ್ರದುರ್ಗದ ಹೊಲಗಳ ಈರುಳ್ಳಿ ‘ಬೈಎನಿಯಲ್’ ಸಸ್ಯ; ಮೊದಲ ವರ್ಷ ಗಡ್ಡೆ ಕಟ್ಟಿ, ಆ ಗಡ್ಡೆಯನ್ನು ಮತ್ತೆ ನೆಟ್ಟಾಗ ಹೂ ಬಿಟ್ಟು ಬೀಜ ಕೊಡುತ್ತದೆ. ಔಷಧಿಯ ವಿಚಾರದಲ್ಲಿ ಇಂಥ ಪದಗಳನ್ನು ಎಂದಿಗೂ ಬಳಸಬೇಡಿ. ‘ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ’ ಎಂದು ಪೂರ್ತಿಯಾಗಿ ಬರೆಯಿರಿ.

ಏಳನೆಯ ಹೆಜ್ಜೆ: ಯಾರಿಗೆ ಹೇಳುತ್ತಿದ್ದೀರಿ ಎಂಬುದನ್ನು ನೋಡಿ ಕನ್ನಡಿಸಿ

ಪುಸ್ತಕದಲ್ಲಿ ‘ದ್ವಿಪಾರ್ಶ್ವ’ ಎಂದು ಬರೆದರೆ ಸರಿ. ಆಸ್ಪತ್ರೆಯ ಹಾಸಿಗೆಯ ಬಳಿ ‘ಎರಡೂ ಕಡೆ ಐತಿ ಅಜ್ಜಿ’ ಎಂದು ಹೇಳಬೇಕು. ‘ಡಿಪ್ಲಾಯ್ಡ್’ ಎಂಬುದನ್ನು ‘ದ್ವಿಗುಣಿತ’ ಎನ್ನಬಹುದು, ಆದರೆ ತಂದೆಯಿಂದ 23, ತಾಯಿಯಿಂದ 23, ಹೀಗೆ ಜೋಡಿ ಜೋಡಿಯಾಗಿ 46 ವರ್ಣತಂತುಗಳು ಎಂಬ ವಿವರ ಜೊತೆಗಿಲ್ಲದಿದ್ದರೆ ಆ ಪದವೂ ಇಂಗ್ಲಿಷಿನಷ್ಟೇ ಅಪರಿಚಿತ. ಒಂದು ವಸ್ತು ಎರಡಾಗಿ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ‘ಡಿಪ್ಲೋಪಿಯಾ’ ಎಂದು ಬರೆದು ಸುಮ್ಮನಾಗದೆ, ಒಂದೊಂದೇ ಕಣ್ಣನ್ನು ಮುಚ್ಚಿಸಿ ಕೇಳಿರಿ. ಯಾವ ಕಣ್ಣು ಮುಚ್ಚಿದರೂ ಎರಡು ಒಂದಾದರೆ ತೊಂದರೆ ಎರಡು ಕಣ್ಣುಗಳ ಹೊಂದಾಣಿಕೆಯಲ್ಲಿದೆ. ಒಂದೇ ಕಣ್ಣಿನಲ್ಲಿ ನೋಡಿದಾಗಲೂ ಎರಡಾಗಿಯೇ ಕಂಡರೆ ತೊಂದರೆ ಆ ಕಣ್ಣಿನಲ್ಲಿದೆ. ಇದ್ದಕ್ಕಿದ್ದಂತೆ ಹೀಗಾಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕೊನೆಗೆ ಅಭ್ಯಾಸ. ಒಂದು ನೋಟ್‌ಬುಕ್ಕಿನ ಪುಟವನ್ನು ಮೂರು ಮನೆ ಮಾಡಿ, ಪದ, ತುಂಡುಗಳು, ‘ಎರಡು ಏನು’ ಎಂದು ತಲೆಬರಹ ಕೊಡಿ. ಮನೆಯಲ್ಲಿರುವ ಹಳೆಯ ವರದಿ, ಮಾತ್ರೆಯ ಹಾಳೆ, ಗೊಬ್ಬರದ ಚೀಲ ಯಾವುದರಿಂದಲಾದರೂ ದಿನಕ್ಕೆ ಮೂರು ಪದಗಳನ್ನು ತುಂಬಿಸಿ; ಎರಡಲ್ಲದವನ್ನು ಪುಟದ ಕೆಳಗೆ ಬೇರೆಯಾಗಿ ಬರೆಯಿರಿ. ಮೊದಲ ದಿನಕ್ಕೆ ಈ ಮೂರನ್ನು ತೆಗೆದುಕೊಳ್ಳಿ. ‘ಬೈಕಾನ್‌ಕೇವ್’: ಕೆಂಪು ರಕ್ತಕಣದ ಆಕಾರ, ಎರಡೂ ಮುಖಗಳಲ್ಲಿ ತಗ್ಗು. ‘ಡೈಗ್ಯಾಸ್ಟ್ರಿಕ್’: ದವಡೆಯ ಕೆಳಗಿನ ಸ್ನಾಯು, ಎರಡು ಉಬ್ಬುಗಳು, ನಡುವೆ ಒಂದು ಸ್ನಾಯುರಜ್ಜು. ಮೂರನೆಯದು ‘ಡುಯೊಡಿನಮ್’, ಜಠರದಿಂದ ಹೊರಟ ಕೂಡಲೇ ಬರುವ ಸಣ್ಣಕರುಳಿನ ಮೊದಲ ಭಾಗ. ಇದರ ಮುಂದಿನ ತುಂಡು ‘ಡುಯೊ’, ಎರಡೇ ಹೌದು. ಆದರೆ ಕರುಳು ಎರಡಿಲ್ಲ. ಲ್ಯಾಟಿನ್ನಿನಲ್ಲಿ ಎರಡು ಮತ್ತು ಹತ್ತು ಕೂಡಿ ಹನ್ನೆರಡಾಗುತ್ತದೆ, ನಮ್ಮ ‘ಹನ್ನೆರಡು’ ಪದದೊಳಗೆ ಎರಡು ಕೂತಿರುವಂತೆಯೇ. ಆ ಭಾಗದ ಉದ್ದ ಹನ್ನೆರಡು ಬೆರಳುಗಳನ್ನು ಅಡ್ಡಲಾಗಿ ಜೋಡಿಸಿದಷ್ಟು, ಸುಮಾರು 25 ಸೆಂಟಿಮೀಟರ್.